1987ರ ವ್ಯಾನಗನ್ ಕ್ಯಾಂಪರ್: ಕೂಲಂಟ್ ಸೋರುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಾರೆ. ನಿಜಾನಾ?

ಬೀವರ್ಟನ್_ಭಾರತಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಆರಿಗನ್ ರಾಜ್ಯದ ಬೀವರ್ಟನ್‌ನಲ್ಲಿ. ಹೋದ ವರ್ಷ ಒಬ್ಬ ರಿಟೈರ್ಡ್ ಮೇಷ್ಟ್ರಿಂದ 1987ರ ವೋಕ್ಸ್‌ವ್ಯಾಗನ್ ವ್ಯಾನಗನ್ ವೆಸ್ಟ್‌ಫಾಲಿಯಾ ಕೊಂಡೆವು. 2.1 ಲೀಟರ್ ಪೆಟ್ರೋಲ್ ಇಂಜಿನ್, ಮ್ಯಾನುಯಲ್ ಗೇರ್, ಮೇಲಕ್ಕೆ ಎತ್ತುವ ಟೆಂಟ್ ಛಾವಣಿ, ಒಳಗೆ ಪುಟ್ಟ ಗ್ಯಾಸ್ ಒಲೆ. ನಮ್ಮ ಮನೆಯವರಿಗೆ ಆ ಒಲೆ ಕಂಡರೆ ಪ್ರೀತಿ, ನನಗೆ ಇಂಜಿನ್ ಕಂಡರೆ.

ಈಗ ವಿಷಯ. ಹೋದ ತಿಂಗಳು ಹೈವೇ 26ರಲ್ಲಿ ಮೌಂಟ್ ಹುಡ್ ಕಡೆ ಹೋಗುತ್ತಿದ್ದೆವು. ಗವರ್ನ್‌ಮೆಂಟ್ ಕ್ಯಾಂಪ್ ಊರು ಇನ್ನೂ ಸ್ವಲ್ಪ ದೂರ ಇರುವಾಗ ಟೆಂಪರೇಚರ್ ಮೀಟರಿನೊಳಗಿನ ಕೆಂಪು ದೀಪ ಮಿನುಗಲು ಶುರುವಾಯಿತು. ಮುಳ್ಳು ಮಾತ್ರ ನಡುವಿನಲ್ಲೇ ಇತ್ತು. ಗಾಡಿ ನಿಲ್ಲಿಸಿ, ತಣ್ಣಗಾದ ಮೇಲೆ ನೋಡಿದರೆ ಹಿಂದೆ ಇಂಜಿನ್ ಹತ್ತಿರದ ಟ್ಯಾಂಕಿನಲ್ಲಿ ಕೂಲಂಟ್ (ಇಂಜಿನ್ ತಣಿಸುವ ನೀರಿನಂಥ ದ್ರವ) ತುಂಬಾ ಕೆಳಗಿತ್ತು. ಕುಡಿಯಲು ತಂದ ನೀರನ್ನೇ ಸುರಿದು ಮನೆಗೆ ವಾಪಸ್ ಬಂದೆವು.

ಆಮೇಲಿಂದ ಬೆಳಿಗ್ಗೆ ಎದ್ದು ನೋಡಿದರೆ ಗಾಡಿಯ ಕೆಳಗೆ ಅಂಗೈ ಅಗಲದ ಒದ್ದೆ. ಸ್ಲೈಡಿಂಗ್ ಬಾಗಿಲು ದಾಟಿ ಸ್ವಲ್ಪ ಹಿಂದೆ, ಸುಮಾರು ಮಧ್ಯಭಾಗದಲ್ಲಿ. ಹೀಟರ್ ಹಾಕಿದರೆ ಹಿಂದಿನ ಸೀಟಿನ ಹತ್ತಿರ ಸಿಹಿ ಸಿಹಿ ವಾಸನೆ ಬರುತ್ತದೆ. ಒಬ್ಬ ಗ್ಯಾರೇಜಿನವರು ಟಾರ್ಚ್ ಹಿಡಿದು ಕೆಳಗೆ ಇಣುಕಿ ನೋಡಿ, "ಈ ಇಂಜಿನ್‌ಗಳದ್ದೆಲ್ಲ ಇದೇ ಕಥೆ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಇಳಿಸಬೇಕು, ಇಲ್ಲಾಂದ್ರೆ ಮಾರಿಬಿಡಿ" ಅಂದರು. ಹೆಡ್ ಗ್ಯಾಸ್ಕೆಟ್ ಅಂದರೆ ಸಿಲಿಂಡರುಗಳ ಬಾಯಿ ಮುಚ್ಚುವ ಭಾಗ (ಹೆಡ್) ಕೂರುವ ಕಡೆ ಸೋರದಂತೆ ತಡೆಯುವ ಸೀಲು. ಅವರು ಕೇಳಿದ ಹಣ ನಾವು ಗಾಡಿಗೆ ಕೊಟ್ಟದ್ದರ ಅರ್ಧಕ್ಕಿಂತ ಜಾಸ್ತಿ.

ಆಯಿಲ್, ಬ್ರೇಕ್ ಪ್ಯಾಡ್ ಎಲ್ಲ ನಾನೇ ಬದಲಿಸುತ್ತೇನೆ. ಪಾನಾ ಸೆಟ್, ಜಾಕಿ ಇದೆ. ಲಿಫ್ಟ್ ಇಲ್ಲ. ಮನೆಯಲ್ಲೇ ಮಾಡಬಹುದಾದ ಕೆಲಸವಾ ಇದು? ಎಲ್ಲಿಂದ ಶುರು ಮಾಡಲಿ?

ಹುಬ್ಳಿ_ಪಾನಾ

ನಮಸ್ಕಾರ ಅಕ್ಕಾರ. ನಿಮ್ಮ ಗಾಡಿ ನಾನು ಕಣ್ಣಾರೆ ಕಂಡಿಲ್ಲ, ನಾನು ಇಲ್ಲಿ ಹುಬ್ಬಳ್ಳಿಯಲ್ಲಿ ಟೆಂಪೋ ಟ್ರಾವೆಲರ್ ರಿಪೇರಿ ಮಾಡುವವನು. ಆದರೆ ನೀರು ಎಲ್ಲ ಗಾಡಿಯಲ್ಲೂ ನೀರೇ ನೋಡ್ರಿ. ನಮ್ಮ ಡ್ರೈವರ್‌ಗಳು ದಾರಿಯಲ್ಲಿ ರೇಡಿಯೇಟರ್ ಸೋರಿದರೆ ಎರಡು ಚಮಚ ಅರಿಶಿನ ಪುಡಿ ಹಾಕಿ ಮನೆ ಮುಟ್ಟುತ್ತಾರೆ. ಸಣ್ಣ ತೂತು ಆದರೆ ನಿಲ್ಲುತ್ತದೆ. ಊರು ಮುಟ್ಟಿಸುವ ಮದ್ದು ಅದು, ರಿಪೇರಿ ಅಲ್ಲ. ಮುಟ್ಟಿದ ಮೇಲೆ ಎಲ್ಲ ತೊಳೆದು ತೆಗೆಯುವ ಕೆಲಸ ನಮ್ಮ ತಲೆಗೆ.

ಒಂದು ಕೇಳುತ್ತೇನೆ. ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿದಿರಾ? ಹಾಲು ಬೆರೆಸಿದಂಥ ಬಣ್ಣ ಇದೆಯಾ? ಆಯಿಲಿಗೆ ನೀರು ಸೇರಿದರೆ ಹಾಗಾಗುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ?

ಬೀವರ್ಟನ್_ಭಾರತಿ

ಆಯಿಲ್ ಚೆನ್ನಾಗಿದೆ ಅಣ್ಣಾ. ಹೊಗೆಯೂ ಇಲ್ಲ. ಪಿಕಪ್ ಮೊದಲು ಹೇಗಿತ್ತೋ ಹಾಗೇ ಇದೆ. ಅರಿಶಿನ ಡಬ್ಬಿ ಸದ್ಯಕ್ಕೆ ಅಡುಗೆಮನೆಯಲ್ಲೇ ಇರಲಿ.

ಹಳೇವ್ಯಾನ್_ರಾಯರು

ಭಾರತಿಯವರೇ, ಅರಿಶಿನ ಮುಟ್ಟಲೇಬೇಡಿ. ಅಂಗಡಿಯಲ್ಲಿ ಸಿಗುವ ಸ್ಟಾಪ್ ಲೀಕ್ ಬಾಟಲಿಯನ್ನೂ ಅಷ್ಟೇ. ನಿಮ್ಮ ಗಾಡಿಯಲ್ಲಿ ರೇಡಿಯೇಟರ್ ಮುಂದೆ, ಇಂಜಿನ್ ಹಿಂದೆ, ಮಧ್ಯೆ ಗಾಡಿಯ ಉದ್ದಕ್ಕೂ ಪೈಪು, ಜೊತೆಗೆ ಎರಡು ಹೀಟರ್. ಸುಮಾರು 16–17 ಲೀಟರ್ ಹಿಡಿಯುವ ಈ ಜಾಲದಲ್ಲಿ ಸಣ್ಣ ನಳಿಗೆ ಎಲ್ಲಿದೆಯೋ ಅಲ್ಲೇ ಆ ಪುಡಿ ಹೋಗಿ ಕೂರುತ್ತದೆ. ಅಂದರೆ ಹೀಟರ್ ಕೋರ್‌ನಲ್ಲಿ (ಹೀಟರಿನೊಳಗಿನ ಪುಟ್ಟ ರೇಡಿಯೇಟರ್). ಸೋರುವುದು ನಿಲ್ಲದೇ ಹೀಟರ್ ನಿಂತಿದ್ದನ್ನು ನೋಡಿದ್ದೇನೆ.

ಆ ಗ್ಯಾರೇಜಿನವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಸರಿಯಾಗಿ ಪರೀಕ್ಷೆ ಮಾಡದೇ ಹೇಳಿದ್ದಾರೆ, ಅದೇ ನನ್ನ ತಕರಾರು. ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಬೇಜಾರಾದರೆ ಕೆಳಗೆ ಹೋಗಿ. ವ್ಯಾನಗನ್ ಮೊದಲು ಗಾಳಿಯಿಂದ ತಣಿಯುವ ಇಂಜಿನ್ನಿನಲ್ಲಿ ಬಂತು. 1983ರ ಮಾಡೆಲ್‌ನಿಂದ 1.9 ಲೀಟರಿನ ನೀರಿನ ಇಂಜಿನ್, 1986ರಿಂದ 2.1. ಇದರಲ್ಲಿ ಸಿಲಿಂಡರುಗಳು ಮಲಗಿರುತ್ತವೆ, ಆ ಕಡೆ ಒಂದು ಹೆಡ್, ಈ ಕಡೆ ಒಂದು ಹೆಡ್. ಬೆಂಕಿ ತಡೆಯಲು ಸಿಲಿಂಡರಿನ ಬಾಯಿಗೆ ಬೇರೆ ರಿಂಗ್. ನೀರು ತಡೆಯಲು ಹೊರಸುತ್ತಿಗೆ ಒಂದು ರಬ್ಬರ್ ಗ್ಯಾಸ್ಕೆಟ್, ಥೇಟ್ ನಮ್ಮ ಕುಕ್ಕರ್ ಗ್ಯಾಸ್ಕೆಟ್ಟಿನ ಹಾಗೆ. ಈ ಇಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಜನ ಹೇಳುವುದು ಸಾಮಾನ್ಯವಾಗಿ ಈ ರಬ್ಬರಿನ ಬಗ್ಗೆ. ನಿಜವಾಗಿ ಕೆಡುವುದು ರಬ್ಬರ್ ಕೂಡ ಅಲ್ಲ. ಅದು ಕೂರುವ ಅಲ್ಯುಮಿನಿಯಂ ಮುಖ. ಹಳೇ ಕೂಲಂಟ್, ತಪ್ಪು ಕೂಲಂಟ್, ಗಡಸು ನೀರು ಸೇರಿ ಆ ಮುಖವನ್ನು ತಿಂದು ಗುಳಿ ಮಾಡುತ್ತವೆ. ಆಗ ನೀರು ಹೊರಗೆ ಜಿನುಗುತ್ತದೆ. ಹೊರಗೆ ಮಾತ್ರ. ಹಾಗಾಗಿ ಆಯಿಲ್ ಶುದ್ಧ ಇರುವುದರಿಂದ ಹೆಡ್ ಗ್ಯಾಸ್ಕೆಟ್ ಸರಿ ಇದೆ ಅಂತ ತೀರ್ಮಾನ ಮಾಡಲು ಬರುವುದಿಲ್ಲ. ಹುಬ್ಬಳ್ಳಿಯವರ ಪ್ರಶ್ನೆ ಬೇರೆ ಇಂಜಿನ್‌ಗಳಿಗೆ ಸರಿ, ಇದಕ್ಕೆ ಅರ್ಧ ಉತ್ತರ.

ಆದರೆ ನಿಮ್ಮ ಒದ್ದೆ ಬೀಳುತ್ತಿರುವ ಜಾಗ ನೋಡಿ. ಇಂಜಿನ್ ಇರುವುದು ಹಿಂದಿನ ಚಕ್ರಗಳ ಆಚೆ, ಬಂಪರ್ ಹತ್ತಿರ. ನಿಮ್ಮ ನೀರು ಬಾಗಿಲ ಬಳಿ ಬೀಳುತ್ತಿದೆ. ಡ್ರೈವ್‌ವೇ ಇಳಿಜಾರಾ? ಹಾಗಿದ್ದರೆ ಇವತ್ತು ರಾತ್ರಿ ಗಾಡಿಯನ್ನು ತಿರುಗಿಸಿ ನಿಲ್ಲಿಸಿ, ಕೆಳಗೆ ಉದ್ದಕ್ಕೂ ರಟ್ಟು ಹಾಸಿ. ಕಲೆ ಜಾಗ ಬದಲಿಸಿದರೆ ನೀರು ಎಲ್ಲಿಂದಲೋ ಹರಿದು ಬರುತ್ತಿದೆ ಅಂತ. ಬದಲಿಸದಿದ್ದರೆ ಅದರ ಮೇಲೇ ಇದೆ.

ಆಮೇಲೆ ಪ್ರೆಶರ್ ಟೆಸ್ಟ್. ಇದನ್ನು ಮಾಡದೆ ಒಂದು ಡಾಲರ್ ಕೂಡ ಖರ್ಚು ಮಾಡಬೇಡಿ. ಕೈಪಂಪಿನ ಥರದ ಟೆಸ್ಟರನ್ನು ಇಲ್ಲಿನ ಬಿಡಿಭಾಗದ ಅಂಗಡಿಗಳು ಡಿಪಾಸಿಟ್ ಇಟ್ಟುಕೊಂಡು ಬಳಸಲು ಕೊಡುತ್ತವೆ. ನಿಮ್ಮ ಟ್ಯಾಂಕಿನ ಮುಚ್ಚಳ ಮರೆ ತಿರುಗಿಸುವಂಥದ್ದು, ಅದಕ್ಕೆ ಯುರೋಪಿನ ಗಾಡಿಗಳ ಅಡಾಪ್ಟರ್ ಬೇಕು, ಕೇಳಿ ತನ್ನಿ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇರುವಾಗ ಮುಚ್ಚಳ ತೆಗೆದರೆ ಮುಖ ಸುಟ್ಟುಕೊಳ್ಳುತ್ತೀರಿ. ಮುಂದಿನ ಹೀಟರಿನ ಲಿವರ್, ಹಿಂದಿನ ಹೀಟರಿನ ನಲ್ಲಿ, ಎರಡನ್ನೂ ಪೂರ್ತಿ ತೆರೆದಿಡಿ. ಒಂದು ಬಾರ್‌ವರೆಗೆ, ಅಂದರೆ 14–15 ಪಿಎಸ್‌ಐ ಪಂಪ್ ಮಾಡಿ ಸುಮ್ನೆ ಕೂತು ಕಾಯಿರಿ. ಮುಚ್ಚಳದ ಮೇಲೆ ಬರೆದಿರುವ ಒತ್ತಡಕ್ಕಿಂತ ಮೇಲೆ ಹೋಗಬೇಡಿ. ಇಂಜಿನ್ ಓಡುತ್ತಿರುವುದಿಲ್ಲ, ಗಾಳಿ ಇಲ್ಲ, ಶಬ್ದ ಇಲ್ಲ. ಸೋರುವ ಜಾಗ ತಾನಾಗಿ ಕಾಣುತ್ತದೆ, ಕೆಲವು ಸಲ ಕೇಳುತ್ತದೆ ಕೂಡ.

ನಾನಾದರೆ ಮೊದಲು ನೋಡುವುದು ಹಿಂದಿನ ಸೀಟಿನ ಕೆಳಗೆ. ಅಲ್ಲಿ ಒಂದು ಹೀಟರ್ ಇದೆ ಅಂತ ಎಷ್ಟೋ ಮಾಲೀಕರಿಗೇ ಗೊತ್ತಿಲ್ಲ. ಅದರ ನಲ್ಲಿ ವರ್ಷಗಟ್ಟಲೆ ಯಾರೂ ತಿರುಗಿಸಿರುವುದಿಲ್ಲ. ಮುಚ್ಚಿಗೆ ತೆಗೆದು ಬೆರಳಿಟ್ಟು ನೋಡಿ. ನಿಮ್ಮ ಸಿಹಿ ವಾಸನೆ ಬಗ್ಗೆ ಓದಿದ ಕೂಡಲೇ ನನಗೆ ಅನುಮಾನ ಬಂದದ್ದು ಅಲ್ಲೇ. ಆಮೇಲೆ ಕೆಳಗಿನ ಎರಡು ಉದ್ದ ಪೈಪುಗಳ ತುದಿ. ನಿಮ್ಮ ವರ್ಷದ ಗಾಡಿಯಲ್ಲಿ ಅವು ಪ್ಲಾಸ್ಟಿಕ್. ತುದಿಯೊಳಗೆ ಲೋಹದ ಬಳೆ ಇರುತ್ತದೆ, ಕಾಲ ಕಳೆದಂತೆ ಪ್ಲಾಸ್ಟಿಕ್ ಅದರಿಂದ ಬಿಡುತ್ತದೆ. ಅಲ್ಲಿ ಸೋರಿದರೆ ಕ್ಲಿಪ್ ಬಿಗಿ ಮಾಡಿ ಪ್ರಯೋಜನ ಇಲ್ಲ, ಪೈಪೇ ಬದಲಿಸಬೇಕು. ಸ್ಟೇನ್‌ಲೆಸ್ ಸ್ಟೀಲಿನವು ಸಿಗುತ್ತವೆ. ಇಂಜಿನ್ ಕಡೆ ಪ್ಲಾಸ್ಟಿಕ್ ಟೀ (T ಆಕಾರದ) ಜಾಯಿಂಟುಗಳು, ಥರ್ಮೋಸ್ಟಾಟ್ (ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಕೂರುವ ಮನೆ, ಟ್ಯಾಂಕಿನ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ. ಕೊನೆಗೆ ಹೆಡ್ ಮತ್ತು ಬ್ಲಾಕ್ ಸೇರುವ ಗೆರೆ. ಅಲ್ಲಿ ಬಿಳಿಯೋ ಹಸಿರೋ ಉಪ್ಪು ಕಟ್ಟಿದ್ದರೆ ಫೋಟೋ ತೆಗೆಯಿರಿ.

ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಅಡ್ಡ ಕೊಡಿ. ಮತ್ತೆ ಆ ಕೆಂಪು ದೀಪ. ಅದು ಟ್ಯಾಂಕಿನಲ್ಲಿ ನೀರು ಇಳಿದರೆ ಮಿನುಗುತ್ತದೆ. ಕೀ ಹಾಕಿದಾಗ ಕೆಲವು ಸೆಕೆಂಡ್ ಮಿನುಗಿ ನಿಲ್ಲುವುದು ಸಹಜ. ಮುಳ್ಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ನೀರು ಪೂರ್ತಿ ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ನೇತಾಡುತ್ತಿರುತ್ತದೆ, ಮುಳ್ಳು ನಡುವಿನಲ್ಲೇ ನಿಂತು ನಿಮ್ಮನ್ನು ಸಮಾಧಾನಪಡಿಸುತ್ತದೆ, ಅಷ್ಟರಲ್ಲಿ ಇಂಜಿನ್ ಬೆಂದಿರುತ್ತದೆ. ದೀಪ ಕಂಡ ಕೂಡಲೇ ನಿಲ್ಲಿಸಿದ್ದು ಒಳ್ಳೆಯದಾಯಿತು.

ಬೀವರ್ಟನ್_ಭಾರತಿ

ರಾಯರೇ, ಎರಡು ಸಲ ಓದಿ ಪ್ರಿಂಟ್ ತೆಗೆದುಕೊಂಡು ಹೋದೆ. ಗಾಡಿ ತಿರುಗಿಸಿ ನಿಲ್ಲಿಸಿದರೂ ಕಲೆ ಬಿದ್ದದ್ದು ಅದೇ ಜಾಗದಲ್ಲಿ.

ಪಂಪ್ ಮಾಡಿ ಒಂದು ಬಾರ್‌ಗೆ ಏರಿಸಿದೆ. ಟೆಸ್ಟರಿನ ಮುಳ್ಳು ನಿಧಾನಕ್ಕೆ ಇಳಿಯತೊಡಗಿತು. ಸೀಟಿನ ಕೆಳಗಿನ ಪ್ಯಾನೆಲ್ ತೆಗೆದರೆ ಹೀಟರ್ ನಲ್ಲಿಯ ಕಡ್ಡಿಯ ಬುಡದಲ್ಲಿ ಹನಿ ಹನಿ. ಆ ನೀರು ನೆಲದ ಮೇಲೆ ಹರಿದು, ರಬ್ಬರ್ ಪೈಪು ಕೆಳಗಿಳಿಯುವ ತೂತಿನಿಂದ ಹೊರಗೆ ಬೀಳುತ್ತಿತ್ತು. ಕಾರ್ಪೆಟ್ ಕೆಳಗೆ ಪೂರ್ತಿ ಅಂಟಂಟು. ಹಿಂದೆ ಯಾರೋ ನಲ್ಲಿ ಸುತ್ತ ಸೀಲಂಟ್ ಮೆತ್ತಿದ್ದಾರೆ, ಅದೂ ಕಿತ್ತು ಬಂದಿದೆ. ಅಲ್ಲಿಗೆ ಹೋಗುವ ಒಂದು ಪೈಪು ಕ್ಲಿಪ್ಪಿನ ಹತ್ತಿರ ಉಬ್ಬಿ ಸೀಳಿದೆ.

ಉದ್ದ ಪೈಪುಗಳು ಒಣಗಿವೆ. ವಾಟರ್ ಪಂಪ್ ಒಣಗಿದೆ. ಆದರೆ ಎಡಗಡೆಯ ಹೆಡ್ಡಿನ ಗೆರೆಯಲ್ಲಿ, ಕೆಳಭಾಗದಲ್ಲಿ, ಬೆರಳುದ್ದ ಬಿಳಿ ಪುಡಿ ಕಟ್ಟಿದೆ. ಒತ್ತಡದಲ್ಲಿದ್ದಾಗಲೂ ಅಲ್ಲಿ ಒದ್ದೆ ಆಗಲಿಲ್ಲ. ಇದನ್ನು ಏನು ಮಾಡಲಿ? ಗ್ಯಾರೇಜಿನವರು ಬೆರಳು ತೋರಿಸಿದ್ದು ಇದನ್ನೇ ಇರಬೇಕು.

ಸ್ಟುಟ್‌ಗಾರ್ಟ್_ಶೆಟ್ಟಿ

ನನ್ನದೂ ಇದೇ ಗಾಡಿ. ಜರ್ಮನಿಯಲ್ಲಿ ಇದಕ್ಕೆ ಟಿ3 ಅಂತಾರೆ, ಮುದ್ದಿಗೆ ಬುಲ್ಲಿ. 30 ವರ್ಷ ದಾಟಿದ ಗಾಡಿ ಒಳ್ಳೇ ಸ್ಥಿತಿಯಲ್ಲಿದ್ದರೆ ಇಲ್ಲಿ ನಂಬರಿನ ಕೊನೆಗೆ ಎಚ್ ಅಕ್ಷರ (ಐತಿಹಾಸಿಕ ಗಾಡಿ ಅನ್ನುವ ಗುರುತು) ಸಿಗುತ್ತದೆ, ಆದ್ದರಿಂದ ಜನ ಇವನ್ನು ಮಕ್ಕಳಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಬಿಳಿ ಪುಡಿ ಅಂದರೆ ಯಾವತ್ತೋ ಜಿನುಗಿತ್ತು ಅಂತ ಅರ್ಥ. ಇವತ್ತು ಜಿನುಗುತ್ತಿಲ್ಲ. ವೈರ್ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ ಚೊಕ್ಕಟ ಮಾಡಿ, ಫೋಟೋ ತೆಗೆದಿಡಿ. ತಿಂಗಳಿಗೊಮ್ಮೆ ನೋಡಿ. ಮತ್ತೆ ಕಟ್ಟಿದರೆ ಹೆಡ್ ಬಿಚ್ಚುವ ಲೆಕ್ಕ ಹಾಕಿ. ಆ ಹೆಡ್ ನಟ್ಟುಗಳನ್ನು ಸುಮ್ನೆ ಬಿಗಿ ಮಾಡಲು ಹೋಗಬೇಡಿ, ಅದರಿಂದ ಸೋರಿಕೆ ನಿಲ್ಲುವುದಿಲ್ಲ.

ಇನ್ನು ನನ್ನ ಅಭಿಪ್ರಾಯ: ಒಂದು ಪೈಪು ಸೀಳಿದೆ ಅಂದರೆ ಉಳಿದವೂ ಅದೇ ವಯಸ್ಸಿನವು. ಗಾಡಿಯಲ್ಲಿರುವ ರಬ್ಬರ್ ಪೈಪುಗಳನ್ನೆಲ್ಲ ಒಂದೇ ಸಲ ಬದಲಿಸಿ. ಕೂಲಂಟ್ ಹೇಗೂ ಇಳಿಸುತ್ತೀರಲ್ವಾ. ಫಾಸ್ಫೇಟ್ ಇಲ್ಲದ್ದೇ ಹಾಕಿ. ಮೊದಲು ಇದಕ್ಕೆ ಬರುತ್ತಿದ್ದದ್ದು ಜಿ11, ಈಗ ಅದರ ಸಮನಾದದ್ದು ಜಿ48 ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ, ಡಬ್ಬಿಯ ಹಿಂದೆ ಓದಿ.

ಹಳೇವ್ಯಾನ್_ರಾಯರು

ಹೆಡ್ ವಿಷಯದಲ್ಲಿ ಶೆಟ್ಟರ ಮಾತಿಗೆ ನನ್ನ ಸಹಿ ಇದೆ. ಪೈಪುಗಳ ವಿಷಯದಲ್ಲಿ ಅರ್ಧ ಸಹಿ. ಎಲ್ಲ ಒಂದೇ ವಯಸ್ಸಿನವು ಅಂತ ಹೇಗೆ ಗೊತ್ತು? ಹಿಂದಿನ ಮಾಲೀಕರು ಕೆಲವನ್ನು ಬದಲಿಸಿರಬಹುದು. ಪೈಪಿನ ಮೇಲೆ ಅಚ್ಚೊತ್ತಿದ ವರ್ಷ ಕಾಣುತ್ತದಾ ನೋಡಿ. ಕೈಯಲ್ಲಿ ಹಿಸುಕಿ. ಕರಕರ ಅಂದರೆ, ತುದಿ ಉಬ್ಬಿದ್ದರೆ, ಬೆರಳಿಗೆ ಮಸಿ ಹತ್ತಿದರೆ ಬದಲಿಸಿ. ಇಂಜಿನ್ ಮೇಲಿರುವ ಸಣ್ಣ ಪೈಪುಗಳನ್ನು ಮಾತ್ರ ಕಣ್ಣು ಮುಚ್ಚಿ ಬದಲಿಸಿ, ಅವುಗಳ ಹಿಂದೆ ಕೈ ಹೋಗುವುದು ಕಷ್ಟ, ದಾರಿಯಲ್ಲಿ ಒಡೆದರೆ ಗತಿ ಇಲ್ಲ. ಪ್ಲಾಸ್ಟಿಕ್ ಟೀ ಮೇಲಿನ ಕ್ಲಿಪ್ಪನ್ನು ಜಾಸ್ತಿ ಬಿಗಿದರೆ ಟೀ ಮುರಿಯುತ್ತದೆ. ಅದಕ್ಕೇ ನನಗೆ ಸ್ಪ್ರಿಂಗ್ ಕ್ಲಿಪ್ ಇಷ್ಟ. ರಬ್ಬರ್ ಕುಗ್ಗಿದರೂ ಅದು ಹಿಡಿತ ಬಿಡುವುದಿಲ್ಲ. ಸ್ಕ್ರೂ ಕ್ಲಿಪ್ ಚಳಿಯಲ್ಲಿ ಸಡಿಲವಾಗಿ ಬೆಳಿಗ್ಗೆ ಮಾತ್ರ ಸೋರುತ್ತದೆ, ಇಡೀ ದಿನ ಹುಡುಕಿದರೂ ಸಿಗುವುದಿಲ್ಲ.

ನಲ್ಲಿಗೆ ಮತ್ತೆ ಸೀಲಂಟ್ ಮೆತ್ತಬೇಡಿ, ಹೊಸದು ಹಾಕಿ. ಹಿಂದಿನ ಹೀಟರ್ ಬೇಡವೇ ಬೇಡ ಅನ್ನುವವರು ಎರಡು ಪೈಪುಗಳನ್ನು ಒಂದು ಜೋಡಣೆಯಿಂದ ಸೇರಿಸಿ ಹೀಟರನ್ನೇ ಬಿಟ್ಟುಬಿಡುತ್ತಾರೆ. ಆರಿಗನ್ ಚಳಿಯಲ್ಲಿ ಒಳಗೆ ಮಲಗುವವರು ನೀವು, ದಾರಿಯಲ್ಲಿ ಹಿಂದೆ ಕೂರುವ ಮಕ್ಕಳ ಕಾಲು ಬೆಚ್ಚಗಿರಲಿ, ಇಟ್ಟುಕೊಳ್ಳಿ.

ನೀರು ಬೆರೆಸುವುದಾದರೆ ಡಿಸ್ಟಿಲ್ಡ್ ನೀರು, ಅರ್ಧಕ್ಕರ್ಧ. ಆ ಮಿಶ್ರಣ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ದಾರಿಯಲ್ಲಿ ನೀವು ಬರೀ ನೀರು ಸುರಿದಿದ್ದರಿಂದ ಈಗಿರುವುದು ತೆಳುವಾಗಿದೆ, ಚಳಿ ಶುರುವಾಗುವ ಮೊದಲೇ ಇಳಿಸಿ. ಇಳಿಸಿದ್ದನ್ನು ಬಕೆಟ್ಟಿನಲ್ಲಿ ತೆರೆದಿಡಬೇಡಿ. ಸಿಹಿ ಇರುವುದರಿಂದ ನಾಯಿ ಬೆಕ್ಕು ನೆಕ್ಕುತ್ತವೆ, ಅದು ವಿಷ.

ಈಗ ಕಷ್ಟದ ಭಾಗ. ಸೋರಿಕೆ ನಿಲ್ಲಿಸುವುದಕ್ಕಿಂತ ಈ ಗಾಡಿಯಲ್ಲಿ ಗಾಳಿ ತೆಗೆಯುವುದು ಜಾಸ್ತಿ ಕೆಲಸ. ರೇಡಿಯೇಟರ್ ಮೂಗಿನಲ್ಲಿ, ಇಂಜಿನ್ ಬಾಲದಲ್ಲಿ. ನೀವು ಹಿಂದೆ ಸುರಿಯುತ್ತೀರಿ, ಗಾಳಿ ಮುಂದೆ ಮೇಲೆ ಹೋಗಿ ಕೂರುತ್ತದೆ. ಹಾಗಾದರೆ ಬಿಸಿ ನೀರು ರೇಡಿಯೇಟರಿಗೆ ಮುಟ್ಟುವುದಿಲ್ಲ, ಫ್ಯಾನಿನ ಸ್ವಿಚ್‌ಗೆ ಬಿಸಿ ತಿಳಿಯುವುದಿಲ್ಲ, ಫ್ಯಾನ್ ತಿರುಗುವುದಿಲ್ಲ. ಆಮೇಲೆ ಜನ ಹೊಸ ಥರ್ಮೋಸ್ಟಾಟ್, ಹೊಸ ಪಂಪ್, ಹೊಸ ಫ್ಯಾನ್ ಅಂತ ಹಾಕುತ್ತಾ ಹೋಗುತ್ತಾರೆ.

ಗಾಡಿಯ ಮುಂಭಾಗವನ್ನು ಸುಮಾರು 40 ಸೆಂಟಿಮೀಟರ್ ಎತ್ತಿ ಭದ್ರವಾಗಿ ನಿಲ್ಲಿಸಿ. ಮುಂದಿನ ಮೇಲಿನ ಗ್ರಿಲ್ ತೆಗೆದರೆ ರೇಡಿಯೇಟರಿನ ತಲೆಯಲ್ಲಿ ಒಂದು ಗಾಳಿ ಸ್ಕ್ರೂ ಕಾಣುತ್ತದೆ. ಎರಡೂ ಹೀಟರ್ ತೆರೆದಿರಲಿ. ಹಿಂದಿನ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ ಇಂಜಿನ್ ಶುರು ಮಾಡಿ, ಸುಮಾರು 2000 ಆರ್‌ಪಿಎಂನಲ್ಲಿ ಹಿಡಿಯಿರಿ. ಒಬ್ಬರು ಹಿಂದೆ ನಿಂತು ಸುರಿಯುತ್ತಿರಬೇಕು, ಒಬ್ಬರು ಒಳಗೆ ಕಾಲಿಟ್ಟಿರಬೇಕು, ಒಬ್ಬರು ಮುಂದೆ ಸ್ಕ್ರೂ ಹತ್ತಿರ. ಒಲೆ ಪ್ರೀತಿಸುವ ಯಜಮಾನರನ್ನು ಕರೆಯಿರಿ. ಸ್ಕ್ರೂ ಬಿಟ್ಟರೆ ಮೊದಲು ಬುಸುಬುಸು ಗಾಳಿ, ಆಮೇಲೆ ಕೆಮ್ಮಿ ಕೆಮ್ಮಿ ನೀರು, ಆಮೇಲೆ ಗುಳ್ಳೆ ಇಲ್ಲದ ಧಾರೆ. ಆಗ ಮುಚ್ಚಿ. ಟ್ಯಾಂಕ್ ತುಂಬಿ ಮುಚ್ಚಳ ಹಾಕಿ. ಇಂಜಿನ್ ಪೂರ್ತಿ ಬಿಸಿಯಾಗಲು ಬಿಡಿ. ಥರ್ಮೋಸ್ಟಾಟ್ 87 ಡಿಗ್ರಿ ಆಸುಪಾಸಿನಲ್ಲಿ ತೆರೆದ ಮೇಲೆ ಸ್ಕ್ರೂ ಇನ್ನೊಮ್ಮೆ ಸ್ವಲ್ಪ ಸಡಿಲಿಸಿ, ಉಳಿದ ಗಾಳಿ ಬರುತ್ತದೆ. ಬಟ್ಟೆ ಸುತ್ತಿಕೊಂಡು ಮಾಡಿ, ಸುಡುತ್ತದೆ. ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಲ್ಲುವವರೆಗೆ ಗಾಡಿ ಬಿಟ್ಟು ಹೋಗಬೇಡಿ.

ಹೊಸ ಮುಚ್ಚಳವನ್ನೂ ಒಂದು ತನ್ನಿ. ಹಳೆಯದು ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ, ಅದರಲ್ಲೂ ಘಟ್ಟ ಹತ್ತುವಾಗ. ನಾನಿರುವುದು ಕೊಲರಾಡೋದಲ್ಲಿ. ಐಸನ್‌ಹೋವರ್ ಸುರಂಗದ ಏರಿನಲ್ಲಿ ಈ ಸಣ್ಣ ಮುಚ್ಚಳದ ಬೆಲೆ ತಿಳಿಯುತ್ತದೆ.

ಹುಬ್ಳಿ_ಪಾನಾ

ರಾಯರ, ನಮ್ಮ ಟ್ರಾವೆಲರ್‌ನಲ್ಲಿ ಇಂಜಿನ್ನೂ ರೇಡಿಯೇಟರ್ರೂ ಮುಂದೆ ಅಕ್ಕಪಕ್ಕದಲ್ಲೇ ಇರುತ್ತವೆ, ಏರ್ ಲಾಕ್ ತೆಗೆಯುವುದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ನಿಮ್ಮದು ಓದಿಯೇ ಸುಸ್ತಾಯಿತು. ಆದರೆ ನೀರಿನ ಮಾತು ಖರೆ. ಇಲ್ಲಿ ಬೋರ್‌ವೆಲ್ ನೀರು ಸುರಿದೂ ಸುರಿದೂ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿರುತ್ತದೆ. ಬ್ಯಾಟರಿ ನೀರಿನ ಎರಡು ಕ್ಯಾನ್ ತರಲು ಜೀವ ಹೋಗುತ್ತದೆ ಮಾಲೀಕರಿಗೆ.

ಬೀವರ್ಟನ್_ಭಾರತಿ

ಎಲ್ಲರಿಗೂ ಅಪ್‌ಡೇಟ್. ಹೊಸ ನಲ್ಲಿ, ಅದರ ಎರಡು ಪೈಪು, ಇಂಜಿನ್ ಮೇಲಿನ ಸಣ್ಣ ಪೈಪುಗಳು, ಮುಚ್ಚಳ ಬದಲಿಸಿದೆ. ಬಿಡಿಭಾಗದ ಖರ್ಚು ಗ್ಯಾರೇಜಿನವರು ಕೇಳಿದ್ದರ ಮುಂದೆ ಏನೂ ಅಲ್ಲ. ಕಾರ್ಪೆಟ್ ತೆಗೆದು ನೆಲ ತೊಳೆದು ಒಣಗಿಸಿದ್ದೇ ದೊಡ್ಡ ಕೆಲಸವಾಯಿತು. ಮತ್ತೆ ಪಂಪ್ ಮಾಡಿ ನೋಡಿದಾಗ ಟೆಸ್ಟರಿನ ಮುಳ್ಳು ಅಲ್ಲಾಡಲಿಲ್ಲ.

ಗಾಳಿ ತೆಗೆಯುವಾಗ ಯಜಮಾನರು ಎಕ್ಸಲರೇಟರ್ ಮೇಲೆ ಕಾಲಿಟ್ಟು ಫೋನ್ ನೋಡುತ್ತಾ ಕೂತಿದ್ದರು, 2000 ಹೇಳಿದರೆ 3500. ಹೇಗೋ ಆಯಿತು. ಫ್ಯಾನ್ ತಿರುಗಿದ ಶಬ್ದ ಕೇಳಿ ಇಬ್ಬರೂ ಚಪ್ಪಾಳೆ ತಟ್ಟಿದೆವು.

ಭಾನುವಾರ ಹೈವೇ 26ರಲ್ಲೇ ಹೋಗಿ, ಗವರ್ನ್‌ಮೆಂಟ್ ಕ್ಯಾಂಪ್ ದಾಟಿ ಮೇಲೆ ಟಿಂಬರ್‌ಲೈನ್ ಲಾಡ್ಜ್‌ವರೆಗೂ ಹತ್ತಿಸಿದೆ. ದೀಪ ಮಿನುಗಲಿಲ್ಲ. ವಾಸನೆ ಇಲ್ಲ. ರಟ್ಟು ಒಣಗಿದೆ, ಹೆಡ್ಡಿನ ಗೆರೆಯೂ ಸದ್ಯಕ್ಕೆ ಚೊಕ್ಕಟ. ಒಂದೇ ಅನುಮಾನ. ನಂಬರ್ ಪ್ಲೇಟ್ ಹಿಂದಿನ ಎರಡನೇ ಟ್ಯಾಂಕಿನಲ್ಲಿ ನೀರು ಎರಡು ಬೆರಳು ಇಳಿದಿದೆ. ಮತ್ತೆ ಎಲ್ಲೋ ಸೋರುತ್ತಿದೆಯಾ?

ಹಳೇವ್ಯಾನ್_ರಾಯರು

ಇಲ್ಲ. ಒಳಗೆ ಉಳಿದ ಗಾಳಿ ಈಗ ಹೊರಬರುತ್ತಿದೆ, ಆ ಜಾಗಕ್ಕೆ ಇಂಜಿನ್ ತಣ್ಣಗಾಗುವಾಗ ಆ ಎರಡನೇ ಟ್ಯಾಂಕಿನಿಂದ ನೀರು ಎಳೆದುಕೊಂಡಿದೆ. ಅದು ಇರುವುದೇ ಅದಕ್ಕೆ. ಮುಚ್ಚಳ ಸರಿಯಾಗಿ ಕೆಲಸ ಮಾಡುತ್ತಿದೆ ಅಂತಲೂ ಗೊತ್ತಾಯಿತು. ಎರಡು ಗೆರೆಗಳ ಮಧ್ಯಕ್ಕೆ ತುಂಬಿಸಿ. ಕೆಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಇಳಿಯುವುದು ನಿಲ್ಲಬೇಕು. ನಿಲ್ಲದಿದ್ದರೆ ಟೆಸ್ಟರ್ ಮತ್ತೆ ತನ್ನಿ, ಈ ಸಲ ಮುಂದಿನ ಹೀಟರಿನಿಂದ ಶುರು ಮಾಡಿ. ಗಾಜಿನ ಒಳಗೆ ಜಿಡ್ಡು ಮಂಜು ಕಟ್ಟಿದರೆ ಅದೇ ಅಂತ ತಿಳಿಯಿರಿ. ಬರೀ ನೀರು ಹಾಕಬೇಡಿ, ಬೆರೆಸಿದ ಕೂಲಂಟಿನ ಒಂದು ಕ್ಯಾನ್ ಗಾಡಿಯಲ್ಲೇ ಇಟ್ಟಿರಿ.